ವ್ಯಾಟ್ ಸಂಖ್ಯೆಯ ಪಕ್ಕದಲ್ಲಿ ಅಳೆದ ಷರತ್ತೂ ಇರಲಿ

ಮಾನ್ಯ ಸಂಪಾದಕರೇ,

ದಸರಾದಿಂದ ದೀಪಾವಳಿಯವರೆಗೆ ಪತ್ರಿಕೆಗಳಲ್ಲಿ ಬರುವ ಹೋಮ್ ಥಿಯೇಟರ್ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ದಪ್ಪವಾಗಿ ಅಚ್ಚಾಗುವುದು ವ್ಯಾಟ್ ಸಂಖ್ಯೆ. ಅದನ್ನು ಯಾವ ಷರತ್ತಿನಲ್ಲಿ ಅಳೆದರು ಎಂಬ ವಿವರ ಒಂದೋ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹಲವು ವರ್ಷಗಳಿಂದ ಮನೆಯಲ್ಲಿ 5.1 ಚಾನೆಲ್‌ನ ಎ.ವಿ. ರಿಸೀವರ್ (ಟಿ.ವಿ., ಸಿನಿಮಾದ ದನಿಯನ್ನು ಪಡೆದು ಎಲ್ಲ ಸ್ಪೀಕರುಗಳಿಗೂ ಶಕ್ತಿ ಕೊಟ್ಟು ನಡೆಸುವ ಯಂತ್ರ) ಬಳಸುತ್ತಿರುವ, ಪರಿಚಯದವರು ಕೊಳ್ಳಲು ಹೊರಟಾಗ ಅಂಗಡಿಗೂ ಜೊತೆಯಾಗುವ ಗ್ರಾಹಕನಾಗಿ ಈ ಬಗ್ಗೆ ಬರೆಯುತ್ತಿದ್ದೇನೆ.

ಒಂದೇ ರಿಸೀವರಿನ ಶಕ್ತಿಯನ್ನು ಎರಡು ಬಗೆಯಲ್ಲಿ ಹೇಳಲು ಸಾಧ್ಯವಿದೆ. ಎರಡು ಚಾನೆಲ್‌ಗಳನ್ನು (ಒಂದೊಂದು ಸ್ಪೀಕರಿಗೆ ಹೋಗುವ ದನಿಯ ದಾರಿ) ಒಟ್ಟಿಗೆ ನಡೆಸಿ, 8 ಓಮ್ (ವಿದ್ಯುತ್ ಪ್ರತಿರೋಧದ ಅಳತೆ) ಸ್ಪೀಕರಿಗೆ, 20ರಿಂದ 20,000 ಹರ್ಟ್ಸ್‌ವರೆಗಿನ ಇಡೀ ಶ್ರೇಣಿಯಲ್ಲಿ, ಡಿಸ್ಟಾರ್ಷನ್ (ದನಿಯ ವಿರೂಪ) ಶೇ 0.1ನ್ನು ಮೀರದಂತೆ ಅಳೆದಾಗ 75 ವ್ಯಾಟ್ ಕೊಡುವ ಯಂತ್ರವೇ, ಒಂದೇ ಚಾನೆಲ್, 6 ಓಮ್, 1,000 ಹರ್ಟ್ಸ್‌ನ ಒಂದೇ ಸ್ವರ ಮತ್ತು ಶೇ 10ರಷ್ಟು ಡಿಸ್ಟಾರ್ಷನ್ ಎಂಬ ಸಡಿಲ ಷರತ್ತಿನಲ್ಲಿ 135 ವ್ಯಾಟ್ ತೋರಿಸಬಲ್ಲದು. ಶೇ 10 ಡಿಸ್ಟಾರ್ಷನ್ ಎಂದರೆ ದನಿ ಒಡೆದು ಕರ್ಕಶವಾಗಿ ಕೇಳುವ ಸ್ಥಿತಿ. ಆ ಮಟ್ಟದಲ್ಲಿ ಯಾರೂ ಸಿನಿಮಾ ನೋಡುವುದಿಲ್ಲ. ಜಾಹೀರಾತು ಆರಿಸಿಕೊಳ್ಳುವುದು ಎರಡನೆಯ ಸಂಖ್ಯೆಯನ್ನು. ಏಳು ಚಾನೆಲ್‌ನ ರಿಸೀವರ್ ಆದರೆ ಅದನ್ನು ಏಳರಿಂದ ಗುಣಿಸಿದರೆ 945 ವ್ಯಾಟ್ ಆಯಿತು. ಎಲ್ಲ ಚಾನೆಲ್‌ಗಳಿಗೂ ವಿದ್ಯುತ್ ಒದಗಿಸುವುದು ಒಳಗಿರುವ ಒಂದೇ ಪವರ್ ಸಪ್ಲೈ ಆದ್ದರಿಂದ, ಏಳೂ ಒಮ್ಮೆಗೇ ದುಡಿಯುವಾಗ ಪ್ರತಿಯೊಂದರ ಪಾಲು ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಗ್ಗದ ಸೆಟ್‌ಗಳ ಪಿ.ಎಂ.ಪಿ.ಒ. (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಸಂಖ್ಯೆ) ಲೆಕ್ಕವಂತೂ ಇನ್ನೂ ವಿಚಿತ್ರ. ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಅದಕ್ಕಿಲ್ಲ. 12 ವೋಲ್ಟ್, 5 ಆಂಪಿಯರ್‌ನ ಅಡಾಪ್ಟರಿನಿಂದ ನಡೆಯುವ ಪೆಟ್ಟಿಗೆಗೆ ಒಳಬರುವುದೇ ಹೆಚ್ಚೆಂದರೆ 60 ವ್ಯಾಟ್. ಅದರ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಮುದ್ರಿಸಿರುತ್ತಾರೆ.

ಇಷ್ಟಕ್ಕೂ ಈ ಸಂಖ್ಯೆಯ ಹಿಂದೆ ಬೀಳುವ ಅಗತ್ಯವೇ ಕಡಿಮೆ. ಶಕ್ತಿ ಎರಡರಷ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತರಷ್ಟು ಶಕ್ತಿ ಬೇಕು. 80 ಮತ್ತು 100 ವ್ಯಾಟ್‌ಗಳ ನಡುವಿನ ಅಂತರ 1 ಡೆಸಿಬೆಲ್ ಕೂಡ ಆಗದು, ಬೆಲೆಯ ಅಂತರ ಮಾತ್ರ ಸಾವಿರಗಳಲ್ಲಿರುತ್ತದೆ. ಸಾಮಾನ್ಯ ಮನೆಯ ಹಾಲ್‌ನಲ್ಲಿ ಹಿತವಾಗಿ ಕೇಳುವಷ್ಟು ದನಿಗೆ ಪ್ರತಿ ಸ್ಪೀಕರಿಗೆ ಬಹುಪಾಲು ಹೊತ್ತು ಕೆಲವೇ ವ್ಯಾಟ್ ಸಾಕು. ಅದೇ ಹಣದಲ್ಲಿ 87ರ ಬದಲು 90 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ಶಕ್ತಿಗೆ ಎಷ್ಟು ದನಿ ಹೊರಡಿಸುತ್ತದೆ ಎಂಬ ಅಳತೆ) ಸ್ಪೀಕರ್ ಕೊಂಡರೆ ರಿಸೀವರಿನ ಶಕ್ತಿಯನ್ನು ದುಪ್ಪಟ್ಟು ಮಾಡಿದಂತೆಯೇ ಆಗುತ್ತದೆ.

ನನ್ನ ಅನುಭವದಲ್ಲಿ ರಿಸೀವರನ್ನು ಅಳೆಯಬೇಕಾದದ್ದು ಮಾತಿನ ಸ್ಪಷ್ಟತೆಯಿಂದ. ಸಿನಿಮಾದ ಸಂಭಾಷಣೆಯ ಬಹುಭಾಗ ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ಅಂಗಡಿಯವರು ಸ್ಫೋಟದ ದೃಶ್ಯ ಹಾಕಿ ಗೋಡೆ ನಡುಗಿಸುತ್ತಾರೆ. ಅದರ ಬದಲು ಪಾತ್ರಗಳು ಮೆಲ್ಲಗೆ ಮಾತನಾಡುವ ಕನ್ನಡ ದೃಶ್ಯವೊಂದನ್ನು ಕಡಿಮೆ ದನಿಯಲ್ಲಿ ಹಾಕಿಸಿ, ಪ್ರತಿ ಪದವೂ ತಿಳಿಯುತ್ತದೆಯೇ ಎಂದು ನೋಡಬೇಕು. ಮನೆಗೆ ತಂದ ಮೇಲೆ, ಜೊತೆಗೆ ಬರುವ ಮೈಕನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕಿಟ್ಟು, ಫ್ಯಾನ್ ನಿಲ್ಲಿಸಿ, ಕೋಣೆಗೆ ತಕ್ಕಂತೆ ದನಿ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಒಮ್ಮೆ ನಡೆಸಿದರೆ ಆಗುವ ಸುಧಾರಣೆ ಹೆಚ್ಚುವರಿ 50 ವ್ಯಾಟ್‌ನಿಂದ ಆಗದು. ಮೈಕು ಪೊಟ್ಟಣದಲ್ಲೇ ಉಳಿದಿರುವ ಮನೆಗಳನ್ನು ನಾನು ಕಂಡಿದ್ದೇನೆ. ಟಿ.ವಿ.ಗೆ ಹೊಂದುವ ಎಚ್‌ಡಿಎಂಐ ಇ-ಆರ್ಕ್ ಜೋಡಣೆ (ಟಿ.ವಿ.ಯ ದನಿಯನ್ನು ರಿಸೀವರಿಗೆ ತರುವಂಥದ್ದು), ಬಿಸಿ ಹೊರಹೋಗಲು ಮೇಲ್ಭಾಗದಲ್ಲಿ ತೆರವು, ನಮ್ಮ ಊರಿನಲ್ಲಿ ಅಥವಾ ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇವೂ ಮುಖ್ಯ. ಗಾಜಿನ ಬಾಗಿಲಿನ ಷೋಕೇಸಿನೊಳಗೆ ರಿಸೀವರ್ ಇಡುವುದಂತೂ ಬೇಡವೇ ಬೇಡ.

ಅಮೆರಿಕದಲ್ಲಿ ಇಂಥದೇ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ಶಕ್ತಿಯ ಘೋಷಣೆಗೆ ನಿಯಮ ತಂದಿತು. 2024ರಲ್ಲಿ ಅದನ್ನು ಪರಿಷ್ಕರಿಸಿ, 8 ಓಮ್, 20ರಿಂದ 20,000 ಹರ್ಟ್ಸ್, ಶೇ 1ಕ್ಕಿಂತ ಕಡಿಮೆ ಡಿಸ್ಟಾರ್ಷನ್ ಎಂಬ ಏಕರೂಪದ ಷರತ್ತು ವಿಧಿಸಿತು. ನಮ್ಮಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ 2012ರ ಆದೇಶದಂತೆ ಬಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಕಡ್ಡಾಯ ನೋಂದಣಿ ಸುರಕ್ಷತೆಗೆ ಸಂಬಂಧಿಸಿದ್ದು. ಅದರ ಗುರುತು ವ್ಯಾಟ್ ಸಂಖ್ಯೆಯ ಸತ್ಯಾಸತ್ಯತೆಗೆ ಸಾಕ್ಷಿಯಲ್ಲ. ಹಾಗೆಂದು ಕಾನೂನಿನ ಆಸರೆ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಒಪ್ಪಿತ ಅಳತೆಯೊಂದು ನಿಗದಿಯಾಗದಿದ್ದರೆ ಯಾವುದು ಉತ್ಪ್ರೇಕ್ಷೆ ಎಂದು ಪ್ರಾಧಿಕಾರ ತೀರ್ಮಾನಿಸುವುದಾದರೂ ಹೇಗೆ? ಆದ್ದರಿಂದ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ಬಿಐಎಸ್ ಸೇರಿ, ಓಮ್, ಹರ್ಟ್ಸ್ ಶ್ರೇಣಿ, ಡಿಸ್ಟಾರ್ಷನ್ ಮತ್ತು ಒಟ್ಟಿಗೆ ನಡೆಸಿದ ಚಾನೆಲ್‌ಗಳ ಸಂಖ್ಯೆಯನ್ನು ವ್ಯಾಟ್ ಜೊತೆಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ನಮೂದಿಸುವುದನ್ನು ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ ನಿಮ್ಮ ಪತ್ರಿಕೆಯ ಜಾಹೀರಾತು ವಿಭಾಗವಾದರೂ ಈ ನಾಲ್ಕು ವಿವರಗಳನ್ನು ಜಾಹೀರಾತುದಾರರಿಂದ ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ, ಮೈಸೂರು