ತೇರೇ ಊರು ಬಿಟ್ಟ ಮೇಲೆ

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಬೇವು-ಬೆಲ್ಲದ ಬಗ್ಗೆ ನಾಲ್ಕು ಸಾಲು ಬರೆಯುವುದು ಸಂಪಾದಕರ ಹಣೆಬರಹ. ಎರಡು ವರ್ಷ ಬರೆದೆ. ಓದಿದೆ ಅಂತ ಹೇಳಿದವರು ಇಬ್ಬರೇ, ಅದರಲ್ಲಿ ಒಬ್ಬಳು ನನ್ನ ಹೆಂಡತಿ. ಹಾಗಾಗಿ ಈ ಸಲ ಬೆಲ್ಲ ಬಿಟ್ಟು ಬರೀ ಬೇವು: ನಮ್ಮ ಪಕ್ಕದ ಮನೆಯವರ ಕೋಪ.

ಅವರಿಗೆ ಎಪ್ಪತ್ತೊಂದು. ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. ಬಸ್ ಓಡಿಸಿ ರಿಟೈರ್ ಆದವರು. ಹೋದ ತಿಂಗಳು ಏಣಿ ಕೇಳೋಕೆ ಅಂತ ಅವರ ಗ್ಯಾರೇಜಿಗೆ ಹೋಗಿದ್ದೆ. ಶೆಲ್ಫಿನ ಮೇಲೆ ಪೀನಟ್ ಬಟರಿನ ಖಾಲಿ ಬಾಟ್ಲಿ. ಅದರ ತುಂಬ ಕೆಂಚು ಮಣ್ಣು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದ ಒಂದು ತಾರೀಖು. ಗಿಡಕ್ಕೆ ಇಟ್ಟ ಮಣ್ಣೇನೋ ಅಂತ ಕೈ ಹಾಕಿದೆ. "ಅದನ್ನ ಮುಟ್ಟಬೇಡ" ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ತಾರೀಖು 2024ರ ಸೆಪ್ಟೆಂಬರ್ 26. ಓಕ್ಲೆಂಡ್ ಅಥ್ಲೆಟಿಕ್ಸ್ ಅನ್ನುವ ಬೇಸ್‌ಬಾಲ್ ತಂಡ, ಇಲ್ಲಿನವರ ಬಾಯಲ್ಲಿ ಬರೀ 'ಏಸ್', ಕೊಲಿಸಿಯಮ್ ಮೈದಾನದಲ್ಲಿ ಕೊನೆಯ ಸಲ ಆಡಿದ ದಿನ. ಅವತ್ತು ಬಂದಿದ್ದವರು 46,889 ಜನ. ಟೆಕ್ಸಸ್ ರೇಂಜರ್ಸ್ ಮೇಲೆ 3-2ರಿಂದ ಗೆದ್ದರು. ಆಟ ಮುಗಿದರೂ ಜನ ಎದ್ದು ಹೋಗಲಿಲ್ಲ. ತಂಡದ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು 'ಲೆಟ್ಸ್ ಗೋ ಓಕ್ಲೆಂಡ್' ಅಂತ ಕೂಗಿಸಿದರು. ಆಮೇಲೆ ಮೈದಾನದ ಅಂಚಿನ ಮಣ್ಣನ್ನು ಜನ ಕೈಗೆ ಸಿಕ್ಕಿದ್ದರಲ್ಲಿ ತುಂಬಿಕೊಂಡರು. ನಮ್ಮ ಪಕ್ಕದ ಮನೆಯವರಿಗೆ ಸಿಕ್ಕಿದ್ದು ಕಾಗದದ ಲೋಟ. ಬಾಟ್ಲಿಗೆ ಹಾಕಿದ್ದು ಮನೆಗೆ ಬಂದ ಮೇಲೆ.

ತಂಡ ಓಕ್ಲೆಂಡ್ ಬಿಟ್ಟು ಹೋಗಿ ಎರಡನೇ ವರ್ಷ ನಡೆಯುತ್ತಿದೆ. ಇವರ ಸಿಟ್ಟು ಇನ್ನೂ ಇಳಿದಿಲ್ಲ. ಸೋತಿದ್ದಕ್ಕೆ ಬಂದ ಸಿಟ್ಟಲ್ಲ ಇದು. ಸೋಲು ಅವರಿಗೆ ಅಭ್ಯಾಸವಾಗಿತ್ತು. 2023ರಲ್ಲಂತೂ 162 ಪಂದ್ಯಗಳಲ್ಲಿ 112 ಸೋತಿದ್ದರು. ತಂಡ ದೂರ ಹೋಯಿತು ಅಂತ ಮಾತ್ರವೂ ಅಲ್ಲ. "ನೀವು ನೋಡೋಕೆ ಬರಲಿಲ್ಲ, ಅದಕ್ಕೆ ಹೋಗಬೇಕಾಯಿತು" ಅನ್ನುವ ಮಾತು ಇದೆಯಲ್ಲ, ಅದು ಅವರಿಗೆ ಚುಚ್ಚುತ್ತದೆ. ತಂಡದ ಮಾಲೀಕರೇ ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟರು. ಹಳೇ ಮೈದಾನ ಸೋರುತ್ತಿತ್ತು, ಕೊಳಚೆ ನೀರು ಡ್ರೆಸ್ಸಿಂಗ್ ರೂಮಿಗೇ ನುಗ್ಗಿತ್ತು. ಅಡುಗೆ ಮಾಡದೆ ಇಟ್ಟು, ಊಟಕ್ಕೆ ಯಾರೂ ಬರಲಿಲ್ಲ ಅಂದಂತೆ, ಅಲ್ವಾ?

ಅದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಬಹಿಷ್ಕಾರ ಅಂದರೆ ಹೋಗದೆ ಇರುವುದು. ಇವರು ಅದನ್ನು ಉಲ್ಟಾ ಮಾಡಿದರು. 2023ರ ಜೂನ್ 13, ಒಂದು ಮಂಗಳವಾರ, ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಮಾತಾಡಿಕೊಂಡರು. ಸೇರಿದವರು 27,759. ಮಾಲೀಕನಿಗೆ 'ಮಾರಿಬಿಡು' ಅಂತ ಬರೆದ ಹಸಿರು ಟೀ ಶರ್ಟುಗಳು. ಐದನೇ ಇನಿಂಗ್ಸ್ ಶುರುವಾದಾಗ ಇಡೀ ಮೈದಾನ ಮೊದಲು ಸುಮ್ನೆ ಕೂತಿತು, ಆಮೇಲೆ ಒಂದೇ ದನಿಯಲ್ಲಿ "ತಂಡ ಮಾರು" ಅಂತ ಕೂಗಿತು. ತಂಡ ಅವತ್ತು ಗೆದ್ದಿತು ಕೂಡ, ಸತತ ಏಳನೇ ಗೆಲುವು. ಅದೇ ದಿನ ಅತ್ತ ನೆವಾಡದ ಸೆನೆಟ್ ಈ ತಂಡಕ್ಕೆ ಲಾಸ್ ವೇಗಸ್‌ನಲ್ಲಿ ಕಟ್ಟುವ ಮೈದಾನಕ್ಕೆ 38 ಕೋಟಿ ಡಾಲರ್‌ವರೆಗಿನ ಸರ್ಕಾರಿ ದುಡ್ಡು ಕೊಡುವ ಮಸೂದೆ ಪಾಸು ಮಾಡಿತು. ನವೆಂಬರ್‌ನಲ್ಲಿ ಲೀಗಿನ ಮೂವತ್ತಕ್ಕೆ ಮೂವತ್ತೂ ಮಾಲೀಕರು ಸ್ಥಳಾಂತರಕ್ಕೆ ಕೈ ಎತ್ತಿದರು. ಅದಕ್ಕೂ ಮುಂಚೆ ತಂಡದವರೇ ಇಟ್ಟುಕೊಂಡಿದ್ದ ಘೋಷಣೆ 'ಓಕ್ಲೆಂಡ್‌ನಲ್ಲಿ ಬೇರೂರಿದವರು'. ಬೇರಂತೆ!

ಓಕ್ಲೆಂಡ್‌ನ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡ 2019ರಲ್ಲಿ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ರೇಡರ್ಸ್ ಫುಟ್‌ಬಾಲ್ ತಂಡ 2020ರಲ್ಲಿ ವೇಗಸ್‌ಗೆ. ಉಳಿದಿದ್ದು ಇದೊಂದೇ.

ನಮ್ಮ ಕನ್ನಡಿಗರಿಗೂ ಇದರಲ್ಲಿ ಒಂದು ಎಳೆ ಇದೆ. ವಾರವಾರ ಫ್ರೀಮಾಂಟ್‌ಗೆ ಹೋಗಿ ಮೆಂತ್ಯ ಸೊಪ್ಪು, ನುಗ್ಗೇಕಾಯಿ ತರುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಏಸ್ 2006ರಲ್ಲಿ ಅದೇ ಊರಲ್ಲಿ ಮೈದಾನ ಕಟ್ಟುತ್ತೇವೆ ಅಂದಿದ್ದರು. ಊರಿನವರು, ಅಂಗಡಿಯವರು ಬೇಡ ಅಂದರು, ಟ್ರಾಫಿಕ್ ಜಾಸ್ತಿಯಾಗುತ್ತೆ ಅಂದರು. 2009ರಲ್ಲಿ ಅದು ಬಿದ್ದುಹೋಯಿತು. ಆಮೇಲೆ ಸ್ಯಾನ್ ಹೋಸೆ ಅಂದರು. ಅದು ನಮ್ಮ ಸೀಮೆ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಜಯಂಟ್ಸ್ ತಂಡದವರು ಅಡ್ಡ ನಿಂತರು. ಸ್ಯಾನ್ ಹೋಸೆ ನಗರದವರು ಕೋರ್ಟಿಗೆ ಹೋದರು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸು ಕೇಳಲು ಒಪ್ಪಲಿಲ್ಲ. ಗಡಿ ಜಗಳ ನಮಗೇನು ಹೊಸದಲ್ಲ ಬಿಡಿ.

ಒಂದು ದಿನ ಸ್ವಲ್ಪ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಈ ತಂಡವನ್ನು ಓಕ್ಲೆಂಡ್‌ನವರು 1968ರಲ್ಲಿ ಕಾನ್ಸಸ್ ಸಿಟಿಯಿಂದ ಎತ್ತಿಕೊಂಡು ಬಂದದ್ದಲ್ವಾ? ಅವರು 1955ರಲ್ಲಿ ಫಿಲಡೆಲ್ಫಿಯಾದಿಂದ ತಂದಿದ್ದರು. ಆ ಕಡೆ ಸ್ಯಾನ್ ಫ್ರಾನ್ಸಿಸ್ಕೋದ ಜಯಂಟ್ಸ್ ನ್ಯೂಯಾರ್ಕಿನವರು. ಅದೇ ಹೊತ್ತಿಗೆ ಬ್ರೂಕ್ಲಿನ್ ಬಿಟ್ಟ ಡಾಡ್ಜರ್ಸ್ ತಂಡದ ಬಗ್ಗೆ ಅಲ್ಲಿನ ಅಜ್ಜಂದಿರು ಸಾಯುವವರೆಗೂ ಬೈದರಂತೆ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನಾನಾಗ ಸ್ಕೂಲ್ ಹುಡುಗ. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಒಂದು ಹಸಿರು ಟೋಪಿ ತಂದುಕೊಟ್ಟ, ಅಷ್ಟೇ."

ಆ ಮಾತು ಕೇಳಿ ನನಗೆ ನನ್ನ ಮೇಲೇ ಅನುಮಾನ ಬಂತು. ಊರು ಬಿಟ್ಟು ಬಂದವನು ನಾನು. ಸಂಬಳ ಜಾಸ್ತಿ ಸಿಗುತ್ತೆ ಅಂತಲೇ ಬಂದೆ, ಸುಳ್ಳು ಯಾಕೆ. ದುಡ್ಡಿಗಾಗಿ ಊರು ಬಿಟ್ಟವರನ್ನು ಬೈಯಲು ನನಗೇನು ಹಕ್ಕು?

ಆದರೆ ನಮ್ಮೂರು ನಂಜನಗೂಡು. ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲೇ ದೊಡ್ಡ ಜಾತ್ರೆ. ಐದು ತೇರು. ಗೌತಮ ರಥದ ಹಗ್ಗ ನನ್ನ ತೊಡೆಯಷ್ಟು ದಪ್ಪ. ಹಣ್ಣು-ಜವನ ಎಸೆದು, ಕಳಸಕ್ಕೆ ತಾಗಿತೋ ಇಲ್ಲವೋ ಅಂತ ಕತ್ತೆತ್ತಿ ನೋಡುವುದು ಈಗಲೂ ಕಣ್ಣಿಗೆ ಕಟ್ಟಿದೆ. ಇಲ್ಲಿಗೆ ಬಂದ ಮೇಲೆ ಎರಡೇ ಸಲ ನೋಡಿದ್ದೇನೆ. ಉಳಿದ ವರ್ಷ ತಮ್ಮ ಫೋನಿನಲ್ಲಿ ತೋರಿಸುತ್ತಾನೆ, ಅರ್ಧ ಹೊತ್ತು ಅವನ ಹೆಬ್ಬೆರಳೇ ಕಾಣುತ್ತದೆ. ಆದರೂ ತೇರು ಅಲ್ಲೇ ಇದೆ. ನಾನು ಹೋದರೂ ಎಳೆಯುತ್ತಾರೆ, ಹೋಗದಿದ್ದರೂ ಎಳೆಯುತ್ತಾರೆ. ಪಕ್ಕದ ಮನೆಯವರು ಊರು ಬಿಟ್ಟು ಎಲ್ಲೂ ಹೋಗಲಿಲ್ಲ. ಅವರ ತೇರನ್ನೇ ಲಾರಿಗೆ ಹಾಕಿಕೊಂಡು ಹೋದರು.

ಹದಿನೇಳು ವರ್ಷ ಕಪ್ ಇಲ್ಲದೆ 'ಈ ಸಲ ಕಪ್ ನಮ್ದೇ' ಅಂದವರು ನಾವು. ಹತ್ತನೇ ವರ್ಷಕ್ಕೆ ಯಾರೋ ಬಂದು ಆರ್‌ಸಿಬಿಯನ್ನು ಚಿನ್ನಸ್ವಾಮಿಯಿಂದ ಎತ್ತಿ ಬೇರೆ ಊರಿಗೆ ಸಾಗಿಸಿದ್ದರೆ? ಯೋಚನೆ ಮಾಡಲೂ ಬೇಡ.

ಈಗ ಏಸ್ ಆಡುವುದು ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಮೈದಾನದಲ್ಲಿ, ಹದಿನಾಲ್ಕು ಸಾವಿರ ಜನ ಹಿಡಿಸುವಂಥದ್ದು. ವೇಗಸ್‌ನ ಮೈದಾನ 2028ಕ್ಕಂತೆ. ಅಲ್ಲಿಯವರೆಗೆ ತಂಡದ ಹೆಸರಿನ ಹಿಂದೆ ಊರೇ ಇಲ್ಲ, ಬರೀ 'ಅಥ್ಲೆಟಿಕ್ಸ್'. ನಮ್ಮ ಕಡೆ ಹೆಸರಿನ ಹಿಂದಿನ ಇನಿಶಿಯಲ್‌ನಲ್ಲೇ ಊರು ಕೂತಿರುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ನಂಜನಗೂಡು ಇನ್ನೂ ಇದೆ. ಇಲ್ಲಿನವರು ಅದನ್ನು ಓದಲು ಒದ್ದಾಡುತ್ತಾರೆ, ಒದ್ದಾಡಲಿ.

ಓಕ್ಲೆಂಡ್‌ನವರು ಸುಮ್ಮನೆ ಕೂತಿಲ್ಲ. 2024ರಲ್ಲೇ ಬಾಲರ್ಸ್ ಅಂತ ಒಂದು ಚಿಕ್ಕ ತಂಡವನ್ನು ಆಟಕ್ಕಿಳಿಸಿದರು. ವೆಸ್ಟ್ ಓಕ್ಲೆಂಡ್‌ನ ರೈಮಂಡಿ ಪಾರ್ಕಿನಲ್ಲಿ ಆಡುತ್ತಾರೆ. ಅಭಿಮಾನಿಗಳಿಗೂ ಅದರಲ್ಲಿ ಷೇರು ಇದೆ. ಎರಡನೇ ವರ್ಷಕ್ಕೇ ಪಯೊನಿಯರ್ ಲೀಗ್ ಗೆದ್ದರು. ಪಕ್ಕದ ಮನೆಯವರು ಆಗಾಗ ಹೋಗುತ್ತಾರೆ. ಆ ಬಾಟ್ಲಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ಅಲ್ಲಿ ಹಾಕಬಾರದಾ ಅಂತ ಕೇಳಿದೆ. "ಇನ್ನೂ ಇಲ್ಲ" ಅಂದು ಏಣಿ ಕೈಗೆ ಕೊಟ್ಟರು.

ಜೂನ್‌ನಲ್ಲಿ ಒಂದು ಶನಿವಾರ ಕೂಟದಿಂದ ಅಲ್ಲಿಗೆ ಹೋಗೋಣ ಅಂತ ಸಮಿತಿಯಲ್ಲಿ ಮಾತಾಗಿದೆ. ಬರುವವರು ಹೆಸರು ಕೊಡಿ. ಚಿತ್ರಾನ್ನ ಒಳಗೆ ಬಿಡುತ್ತಾರಾ ಅಂತ ಅವರನ್ನೇ ಕೇಳಿ ತಿಳಿಸುತ್ತೇನೆ.