ಕೈ ಬಿಟ್ಟ ಅಕ್ಷರಗಳು

ಪ್ರಿಯ ಗೆಳೆಯಾ,

ನಿನಗೆ ಬರೆಯದೆ ಎರಡು ತಿಂಗಳಾಯಿತು. ನಾನು ಮಾಡಿದ ಆ ಪೋಸ್ಟರನ್ನು ನೀನು ಎಲ್ಲರೆದುರು ಹೊಗಳಿದ್ದೆ, ಹಾಗಾಗಿ ಈ ಪತ್ರವನ್ನೂ ಎಲ್ಲರೆದುರೇ ಬರೆಯುತ್ತಿದ್ದೇನೆ. ಹಳದಿ ಛತ್ರಿಯ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಪೋಸ್ಟರ್ ನೆನಪಿದೆಯಲ್ಲ? ಕಪ್ಪು ಹಿನ್ನೆಲೆ, ಅಂಚಿಗೆ ಪ್ಯಾಲೆಸ್ಟೀನಿನ ಕೆಂಪು ಕಸೂತಿಯ ಮರಗಳ ಸಾಲು, ನಡುವೆ ಅರಬ್ಬಿಯಲ್ಲಿ ‘ತತ್ರೀಜ್’. ಕಸೂತಿಗೆ ಅವರು ಹೇಳುವ ಪದ ಅದು. ‘2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ’ ಎಂಬ ಸಾಲನ್ನು ಕೆಳಗೆ ಬೆರಳಚ್ಚು ಮಾಡಿದ್ದೂ ನಾನೇ. ಅಷ್ಟೆಲ್ಲ ಗೊತ್ತಿದ್ದವನಂತೆ.

ಅಚ್ಚಾದ ಹಾಳೆಗಳನ್ನು ಕತ್ತರಿಸುತ್ತಿದ್ದ ಹಿರಿಯರೊಬ್ಬರು ಒಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ತಮ್ಮಾ, ಇವು ಒಂದರ ಕೈ ಒಂದು ಬಿಟ್ಟಿವೆ. ಸಾಲೂ ತಿರುಗುಮುರುಗಾಗಿದೆ” ಎಂದರು. ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ‘ತತ್ರೀಜ್’ ಎಂದರೆ ಐದು ಅಕ್ಷರ. ಬಲದಿಂದ ಮೊದಲ ಮೂರು ಕೂಡಿಕೊಂಡಿರಬೇಕು, ಉಳಿದೆರಡು ಕೂಡಿಕೊಂಡಿರಬೇಕು. ನನ್ನ ಹಳೆಯ ತಂತ್ರಾಂಶ ಐದನ್ನೂ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ನಿಲ್ಲಿಸಿತ್ತು. ಮದುವೆಯ ಕರೆಯೋಲೆಯಲ್ಲಿ ಕನ್ನಡದ ಒತ್ತು ಕಳಚಿ ಪಕ್ಕಕ್ಕೆ ಬಂದು ಕುಳಿತಿದ್ದಕ್ಕೆ ನಾವಿಬ್ಬರೂ ಅಂದು ಮುದ್ರಣಾಲಯದಲ್ಲಿ ಎಷ್ಟು ಕೂಗಾಡಿದ್ದೆವು! ಇಲ್ಲಿ ನನಗದು ಕಣ್ಣಿಗೇ ಬೀಳಲಿಲ್ಲ. ನಾನು ಅವುಗಳನ್ನು ಅಕ್ಷರವೆಂದು ನೋಡಿರಲಿಲ್ಲ, ಚೆಂದದ ಬಳ್ಳಿಯೆಂದು ನೋಡಿದ್ದೆ.

ಆಮೇಲೆ ಮರಗಳ ಬಗ್ಗೆಯೂ ಅನುಮಾನ ಹತ್ತಿತು. ನಾನು ತೆಗೆದುಕೊಂಡಿದ್ದ ಚಿತ್ರವನ್ನು ಮತ್ತೆ ತೆರೆದೆ. ಅಡಿಯಲ್ಲಿ ಸಣ್ಣಗೆ ‘ಬೈತ್ ದಜನ್’ ಎಂದಿತ್ತು. ಯಾಫಾ ಪಟ್ಟಣದ ಹತ್ತಿರದ ಹಳ್ಳಿ, ಕಸೂತಿಗೆ ಹೆಸರಾಗಿದ್ದ ಊರು. 1948ರ ಯುದ್ಧದಲ್ಲಿ ಊರಿಗೆ ಊರೇ ಬರಿದಾಯಿತು. ಆ ಮರ ‘ಸರು’, ಅಂದರೆ ಸೈಪ್ರೆಸ್. ನಿಲುವಂಗಿಯ ಕಸೂತಿಯನ್ನು ನೋಡಿದರೆ ಹೆಂಗಸು ಯಾವ ಸೀಮೆಯವಳೆಂದು ತಿಳಿಯುತ್ತಿತ್ತಂತೆ. ನಾನು ಒಂದು ಊರಿನ ಗುರುತನ್ನು ಎತ್ತಿ ಅಂಚು ಮಾಡಿದ್ದೆ.

ಇದೇ ಕಸೂತಿಯನ್ನು ತಮ್ಮ ಕಲೆಗೆ ತಂದವರು ಹೇಗೆ ತಂದರೆಂದು ಹುಡುಕಿದೆ. ಪ್ಯಾಲೆಸ್ಟೀನ್ ಮೂಲದ ಕಲಾವಿದೆ ಮೋನಾ ಹತೂಮ್ 2012–13ರಲ್ಲಿ ‘ಹನ್ನೆರಡು ಕಿಟಕಿಗಳು’ ಮಾಡಿದರು. ಹನ್ನೆರಡು ಸೀಮೆಗಳ ಕಸೂತಿಯ ಹನ್ನೆರಡು ಬಟ್ಟೆಗಳು, ಕೋಣೆಯ ಉದ್ದಗಲಕ್ಕೂ ಎಳೆದ ಉಕ್ಕಿನ ತಂತಿಗಳ ಮೇಲೆ. ಹೊಲಿದವರು ಲೆಬನಾನಿನ ನಿರಾಶ್ರಿತರ ಶಿಬಿರಗಳಲ್ಲಿರುವ ಪ್ಯಾಲೆಸ್ಟೀನಿನ ಹೆಂಗಸರು, ಅವರ ಸಂಸ್ಥೆ ‘ಇನಾಶ್’ನ ಹೆಸರೂ ಕೃತಿಯ ಜೊತೆಗೇ ಇದೆ. ಇನ್ನು ಚಿತ್ರಕಲಾವಿದ ಕಮಾಲ್ ಬುಲ್ಲಾತಾ, 1942ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದವರು. 1967ರ ಅರಬ್–ಇಸ್ರೇಲ್ ಯುದ್ಧದ ಹೊತ್ತಿಗೆ ಬೈರೂತಿನಲ್ಲಿದ್ದರು, ಮರಳಿ ಊರಲ್ಲಿ ನೆಲೆಸಲಾಗಲಿಲ್ಲ. ಅವರು ಆರಿಸಿಕೊಂಡದ್ದು ಚೌಕ ಕೂಫಿ, ಅರಬ್ಬಿ ಅಕ್ಷರಗಳನ್ನು ಚೌಕಳಿಯ ಮೇಲೆ ಬರೆಯುವ ಶೈಲಿ. ಅದರಲ್ಲಿ ಬಳುಕೇ ಇಲ್ಲ. ಪ್ರತಿ ಅಕ್ಷರವೂ ಚೌಕಳಿಯ ಮನೆ ಎಣಿಸಿ ನಿಲ್ಲುತ್ತದೆ, ತಿರುಗುತ್ತದೆ. ಎಳೆ ಎಣಿಸಿ ಹಾಕುವ ಅಡ್ಡಹೊಲಿಗೆಯ ಲೆಕ್ಕವೇ. ಅದರ ಮುಂದೆ ನಾನು ಒಂದು ರಾತ್ರಿಯೆಲ್ಲ ಕುಳಿತಿದ್ದೆ. ದಾರ ಮತ್ತು ಶಾಯಿ ಎರಡೂ ಒಂದೇ ಚೌಕಳಿಯಲ್ಲಿ ಊರನ್ನು ಕಟ್ಟಿಕೊಳ್ಳುತ್ತಿವೆ ಅನ್ನಿಸಿತು. ಅವರು 2019ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು. ಮಣ್ಣಾದದ್ದು ಜೆರುಸಲೇಮಿನಲ್ಲಿ.

ತಪ್ಪು ತಿಳಿದ ಮೇಲೂ ನಾನು ಸುಮ್ಮನಿದ್ದೆ. ಉಳಿದ ಹಣ ತೆಗೆದುಕೊಂಡೆ. ನೀನು ಹೊಗಳಿದಾಗ ಕೈಮುಗಿದೆ. ಅಪ್ಪ ಹೋದ ಮೇಲೆ ನಾನು ಯಾವುದನ್ನೂ ನಿಂತು ನೋಡುವುದನ್ನು ಬಿಟ್ಟಿದ್ದೆ. ಕೈಗೆ ಕೆಲಸವಿದ್ದರೆ ಸಾಕಿತ್ತು, ಅದು ಏನು ಹೇಳುತ್ತಿದೆ ಎಂದು ಕೇಳುವ ಶಕ್ತಿ ಇರಲಿಲ್ಲ. ಮೂರು ವರ್ಷ. ಇದನ್ನು ನಿನಗೆ ಫೋನಿನಲ್ಲೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತೇನೆಂದೂ ಅಂದುಕೊಂಡಿರಲಿಲ್ಲ.

ನಿನ್ನೆ ಪೋಸ್ಟರ್ ಮಾಡಿಸಿದವರಿಗೆ ಎಲ್ಲವನ್ನೂ ಹೇಳಿದೆ. ಹೊಸದನ್ನು ನನ್ನ ಖರ್ಚಿನಲ್ಲೇ ಮಾಡಿಕೊಡುತ್ತೇನೆ, ಊರಿನ ಹೆಸರಿನೊಂದಿಗೆ.

ಈಗ ಸಂಜೆ ಹೊತ್ತು ಅವ್ವನ ಪಕ್ಕ ಕುಳಿತು ಒಂದು ಸರು ಮರ ಹೊಲಿಯುತ್ತಿದ್ದೇನೆ. ನಮ್ಮ ಧಾರವಾಡದ ಕಸೂತಿಯಲ್ಲಿ ಮೆಂತಿ ಹೊಲಿಗೆ ಇದೆಯಲ್ಲ, ಅಡ್ಡಹೊಲಿಗೆ ಎಂದರೆ ಅದೇ. ಎರಡು ಎಳೆ ಬಿಟ್ಟು ಸೂಜಿ ಏರಿಸಬೇಕು, ಮೇಲಿನ ಗೀಟುಗಳೆಲ್ಲ ಒಂದೇ ಕಡೆ ಮಲಗಬೇಕು. ಮೊದಲ ದಿನ ತೋರಿಸಿದಾಗ ಅವ್ವ ಮುಂಭಾಗ ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ ಹಿಂಭಾಗ ನೋಡಿದಳು, ಗಂಟು ಕಂಡಳು, ಎಲ್ಲವನ್ನೂ ಬಿಚ್ಚಿಸಿದಳು. ಈಗ ಕಾಂಡ ಮುಗಿದಿದೆ, ಕೊಂಬೆಗಳು ಬಾಕಿ.

ಹಬ್ಬಕ್ಕೆ ಬರುತ್ತೀಯಲ್ಲ? ಕೆಂಪು ದಾರದ ಎರಡು ಲಡಿ ತಾ. ಅವ್ವ ನಿನಗೆಂದು ಕರದಂಟು ಎತ್ತಿಟ್ಟಿದ್ದಾಳೆ, ನಾನು ಮುಟ್ಟಿಲ್ಲ. ಮಳೆ ಎಷ್ಟೇ ಬರಲಿ, ಛತ್ರಿ ಮಾತ್ರ ತರಬೇಡ.

ನಿನ್ನ,
ಕಿಟಕಿ ಪಕ್ಕದ ಸೀಟಿನವನು