ಮಗಳಿಗೊಂದು ಪತ್ರ: ಜೇಡ ಕಥೆಗಳನ್ನು ಕೊಂಡ ಬಗೆ

ಪ್ರೀತಿಯ ಪುಟ್ಟೀ,

ನಿನ್ನ ಪ್ರಬಂಧದ ಕರಡು ಓದಿದೆ. ‘ಆಫ್ರಿಕಾದ ಪುರಾಣಗಳಲ್ಲಿ ಟ್ರಿಕ್‌ಸ್ಟರ್’ ಎಂಬ ಹೆಸರನ್ನು ಮೊದಲು ಬದಲಿಸು. ಟ್ರಿಕ್‌ಸ್ಟರ್ ಎಂದರೆ ಕಥೆಗಳಲ್ಲಿ ಉಪಾಯ, ಮೋಸಗಳಿಂದ ಗೆಲ್ಲುವ ಪಾತ್ರ. ಸಾವಿರಕ್ಕೂ ಹೆಚ್ಚು ಭಾಷೆಗಳಿರುವ ಖಂಡ ಅದು. ಘಾನಾದ ಅಕಾನ್ ಜನರ ಜೇಡ ಅನಾನ್ಸೆಯನ್ನೂ ನೈಜೀರಿಯಾದ ಯೊರುಬಾ ಜನರ ಎಶುವನ್ನೂ ನೀನು ಒಂದೇ ಬುಟ್ಟಿಗೆ ಹಾಕಿದ್ದೀಯ. ಎಶು ದೇವರು, ಅವನಿಗೆ ಪೂಜೆಯಿದೆ, ನೈವೇದ್ಯವಿದೆ. ಅನಾನ್ಸೆಗೆ ಯಾರೂ ಕೈಮುಗಿಯುವುದಿಲ್ಲ. ಇಬ್ಬರೂ ಮೋಸಗಾರರು ಅಂದುಬಿಟ್ಟರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಯೂಂಗ್‌ನ ಆರ್ಕಿಟೈಪ್ (ಎಲ್ಲ ಮನುಷ್ಯರ ಮನಸ್ಸಿನಲ್ಲೂ ಇರುತ್ತದೆಂದು ಆ ಮನಶ್ಶಾಸ್ತ್ರಜ್ಞ ಹೇಳಿದ ಮೂಲಮಾದರಿ) ಬೇಡ ಅಂತಲ್ಲ, ಅದು ಕೊನೆಗೆ ಬರಲಿ. ಟ್ರಿಕ್‌ಸ್ಟರ್ ಬಗ್ಗೆ ಅವನ ಹೆಸರಾಂತ ಲೇಖನ ಉತ್ತರ ಅಮೆರಿಕದ ವಿನ್ನೆಬಾಗೊ ಜನರ ಕಥೆಗಳಿಗೆ ಬರೆದ ಟಿಪ್ಪಣಿ. ಅದನ್ನು ಹಾಗೇ ಘಾನಾಕ್ಕೆ ತಂದು ಹೊದಿಸಿದರೆ ಎಲ್ಲೋ ಬಿಗಿ, ಎಲ್ಲೋ ಸಡಿಲ ಆಗುತ್ತದೆ. ಮೊದಲು ಒಂದೇ ಒಂದು ಕಥೆಯನ್ನು ಬಿಡಿಬಿಡಿಯಾಗಿ ನೋಡು. ಕಥೆಯ ಯಾವ ಪಾಠ, ಅಂದರೆ ಯಾರು ಬರೆದಿಟ್ಟ ರೂಪ, ಎಂಬುದನ್ನೂ ಆರಿಸಿಕೊಂಡು ಓದು: ಮಕ್ಕಳ ಚಿತ್ರಪುಸ್ತಕ ಸಾಲದು. ಬ್ರಿಟಿಷ್ ಮಾನವಶಾಸ್ತ್ರಜ್ಞ ಆರ್. ಎಸ್. ರ‍್ಯಾಟ್ರೆ 1930ರಲ್ಲಿ ಅಕಾನರ ಟ್ವಿ ಭಾಷೆಯ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಜೊತೆಗಿಟ್ಟು ಅಚ್ಚು ಹಾಕಿಸಿದ ಪಾಠವನ್ನೇ ಹಿಡಿ.

ಕಥೆಗಳೆಲ್ಲ ಆಕಾಶದೇವ ನ್ಯಾಮೆಯ ಸ್ವತ್ತು. ಅನಾನ್ಸೆ ಅವನ್ನು ಕೊಳ್ಳಲು ಹೋಗುತ್ತಾನೆ. ಕದಿಯಲು ಅಲ್ಲ, ಕೊಳ್ಳಲು. ಇದರ ಕೆಳಗೆ ಗೆರೆ ಎಳೆದುಕೋ. ಬೆಲೆ ನಾಲ್ಕು: ಒನಿನಿ ಎಂಬ ಹೆಬ್ಬಾವು, ಮ್ಮೊಬೊರೊ ಎಂಬ ಕಣಜಗಳು, ಒಸೆಬೊ ಎಂಬ ಚಿರತೆ, ಮ್ಮೊವಾತಿಯಾ ಎಂಬ ಕಾಡಿನ ಕುಳ್ಳಿ. ಇಷ್ಟು ಸಾಲದೆಂಬಂತೆ ತನ್ನ ಮುದಿತಾಯಿ ನ್ಸಿಯಾಳನ್ನೂ ಕೊಡುತ್ತೇನೆ ಎನ್ನುತ್ತಾನೆ, ಕೊಟ್ಟೂ ಬಿಡುತ್ತಾನೆ. ಮಕ್ಕಳಿಗೆ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುವುದುಂಟು, ಯಾಕೆಂದರೆ ಕೇಳಲು ಕಷ್ಟ. ನೀನು ಬಿಡಬೇಡ. ತಾಯಿಯನ್ನು ತಕ್ಕಡಿಗೆ ಹಾಕಿದವನನ್ನು ‘ಜಾಣ ನಾಯಕ’ ಎಂದು ಸುಮ್ಮನೆ ಹೊಗಳಲಾಗುವುದಿಲ್ಲ.

ಈಗ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕು: ಸಿಕ್ಕಿಬಿದ್ದವರು ಯಾರು, ಸಾಧನ ಏನು, ಅವರ ಯಾವ ಗುಣ ಅವರನ್ನು ಸಿಕ್ಕಿಸಿತು. ಹೆಬ್ಬಾವಿಗೆ ತಾಳೆಯ ಕೊಂಬೆ ಮತ್ತು ಬಳ್ಳಿ: ಕೊಂಬೆ ಉದ್ದವೋ ಹೆಬ್ಬಾವು ಉದ್ದವೋ ಎಂದು ಜಗಳವಾಡುತ್ತಾ ಹೋದರೆ ಹೆಬ್ಬಾವು ತಾನಾಗಿ ಬಂದು ಅಳತೆಗೆ ಮಲಗುತ್ತದೆ. ಕಣಜಗಳಿಗೆ ಸೋರೆಬುರುಡೆಯ ನೀರು: ಅವುಗಳ ಮೇಲೂ ತನ್ನ ಮೇಲೂ ಚಿಮುಕಿಸಿ, ತಲೆಗೆ ಬಾಳೆಲೆ ಹಿಡಿದು, ಮಳೆ ಬಂತು, ಬುರುಡೆಯೊಳಗೆ ಬನ್ನಿ ಎಂದು ಕರೆಯುತ್ತಾನೆ. ಚಿರತೆಗೆ ಅದು ದಿನಾ ನಡೆಯುವ ಜಾಡಿನಲ್ಲೇ ಗುಂಡಿ. ಒಂದಕ್ಕೆ ಹಮ್ಮು, ಇನ್ನೊಂದಕ್ಕೆ ಭಯ, ಮತ್ತೊಂದಕ್ಕೆ ಅಭ್ಯಾಸ.

ನಾಲ್ಕನೆಯದರಲ್ಲಿ ನಿಲ್ಲು. ಅನಾನ್ಸೆ ಮರದಲ್ಲಿ ಚಪ್ಪಟೆ ಮುಖದ ‘ಅಕುಆಬಾ’ ಗೊಂಬೆ ಕೆತ್ತುತ್ತಾನೆ, ಮರದ ಅಂಟು ಸೊನೆ ತೆಗೆದು ಮೈಗೆಲ್ಲ ಬಳಿಯುತ್ತಾನೆ, ಗೆಣಸು ಕುಟ್ಟಿ ಮಾಡಿದ ಎಟೊವನ್ನು ಅದರ ಕೈಗಿಡುತ್ತಾನೆ, ಸೊಂಟಕ್ಕೆ ದಾರ ಕಟ್ಟಿ ಕುಳ್ಳಿಯರು ಆಡುವ ಒಡುಮ್ ಮರದ ಬುಡದಲ್ಲಿ ಕೂರಿಸುತ್ತಾನೆ. ಒಬ್ಬ ಕುಳ್ಳಿ ಬಂದು, ತಿನ್ನಲೇ ಎಂದು ಕೇಳುತ್ತಾಳೆ. ದಾರ ಎಳೆದರೆ ಗೊಂಬೆ ತಲೆಯಾಡಿಸುತ್ತದೆ. ಅವಳು ತಿಂದು ಉಪಕಾರ ಹೇಳುತ್ತಾಳೆ. ಗೊಂಬೆ ಮಾತಾಡದು. ಸಿಟ್ಟಿಗೆ ಕೆನ್ನೆಗೆ ಹೊಡೆದರೆ ಕೈ ಅಂಟುತ್ತದೆ. ಬಿಡಿಸಿಕೊಳ್ಳಲು ಹೋದಷ್ಟೂ ಹೆಚ್ಚು ಅಂಟುತ್ತದೆ. ಕೇಳಿ ತಿಂದವಳು, ಉಪಕಾರ ನೆನೆದವಳು ಇವಳೊಬ್ಬಳೇ. ಅವಳನ್ನು ಹಿಡಿದುಕೊಟ್ಟದ್ದು ಆ ಮರ್ಯಾದೆಯೇ. ಗೊಂಬೆಯಾದರೂ ಎಂಥದು? ಮಕ್ಕಳಾಗಲಿ ಎಂದು ಹೆಂಗಸರು ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಗೊಂಬೆ. ಅಕುಆಬಾ ಎಂದರೆ ಅಕುಆಳ ಮಗು. ಅಕಾನರು ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ: ಅಕುಆ ಎಂದರೆ ಬುಧವಾರ ಹುಟ್ಟಿದ ಹೆಣ್ಣು, ಕ್ವಾಕು ಎಂದರೆ ಬುಧವಾರ ಹುಟ್ಟಿದ ಗಂಡು. ಅನಾನ್ಸೆಯ ಪೂರ್ತಿ ಹೆಸರು ಕ್ವಾಕು ಅನಾನ್ಸೆ! ವಾರದ ಹೆಸರುಗಳನ್ನು ಬಲ್ಲ ಅಕಾನ್ ಕಿವಿಗೆ ಈ ನಂಟು ಕೇಳಿಸುತ್ತದೆ, ‘ಟ್ರಿಕ್‌ಸ್ಟರ್’ ಎಂಬ ಪದದಲ್ಲಿ ಕೇಳಿಸದು.

ಕೊನೆಗೆ ನ್ಯಾಮೆ ಹಿರಿಯರನ್ನೂ ದಳಪತಿಗಳನ್ನೂ ಕರೆಸಿ, ಅವರ ಮುಂದೆ ಲೆಕ್ಕ ಒಪ್ಪಿಸಿಕೊಂಡು, ಇನ್ನು ಮುಂದೆ ಇವು ಜೇಡನ ಕಥೆಗಳು, ‘ಅನಾನ್ಸೆಸೆಮ್’, ಎಂದು ಸಾರುತ್ತಾನೆ. ಆ ಪದವಿಗಳೆಲ್ಲ ಅಕಾನರದೇ ರಾಜ್ಯವಾದ ಅಸಾಂಟೆಯ ಅರಸರ ಆಸ್ಥಾನದವು. ಹಾಗಾಗಿ ಇದನ್ನು ‘ದೇವರ ವಿರುದ್ಧ ಬಂಡಾಯ’ ಎಂದು ಬರೆದದ್ದು ತಪ್ಪು. ವ್ಯವಹಾರ ಸಾಕ್ಷಿಗಳ ಎದುರು ಕ್ರಮವಾಗಿ ಮುಗಿದಿದೆ. ಬಂಡಾಯದ ಬಣ್ಣ ದಟ್ಟವಾದದ್ದು ಗುಲಾಮರ ಹಡಗುಗಳಲ್ಲಿ ಈ ಕಥೆಗಳು ಜಮೈಕಾ, ಸುರಿನಾಮ್ ಮುಟ್ಟಿದ ಮೇಲೆ. ಅದನ್ನು ಬೇರೆ ಅಧ್ಯಾಯ ಮಾಡು.

ಜೊತೆಗೆ ಮಡಕೆಯ ಕಥೆಯನ್ನೂ ಓದು. ಲೋಕದ ಬುದ್ಧಿಯನ್ನೆಲ್ಲ ಮಡಕೆಗೆ ತುಂಬಿ ಮರದ ತುದಿಯಲ್ಲಿ ಬಚ್ಚಿಡಲು ಹೊರಟ ಅನಾನ್ಸೆ ಅದನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ಹತ್ತಲಾರದೆ ಒದ್ದಾಡುತ್ತಾನೆ. ಬೆನ್ನಿಗೆ ಕಟ್ಟಿಕೋ ಎಂದು ಕೆಳಗಿನಿಂದ ಹೇಳುವವನು ಮಗ ನ್ಟಿಕುಮಾ. ಎಲ್ಲರನ್ನೂ ಬೇಸ್ತು ಬೀಳಿಸಿದವನೇ ಇಲ್ಲಿ ಬೇಸ್ತು ಬೀಳುತ್ತಾನೆ, ಇದಿಲ್ಲದೆ ಮೊದಲಿನ ಕಥೆ ಅರ್ಧ.

ಇನ್ನೊಂದು. ಕರಡಿನ ಮೂರನೇ ಪುಟದಲ್ಲಿ ‘ಅನಾನ್ಸೆ ಒಂಟಿಯಾಗಿ ಗೆದ್ದ’ ಅಂದಿದ್ದೀಯ. ಕೊಂಬೆ, ಬಳ್ಳಿ ಕಡಿದು ತಾ ಅಂದವಳು ಹೆಂಡತಿ ಅಸೊ. ಬುರುಡೆಗೆ ನೀರು ತುಂಬು ಅಂದವಳೂ ಅವಳೇ. ಗುಂಡಿ ತೋಡು ಅನ್ನುತ್ತಿದ್ದ ಹಾಗೇ, ಸಾಕು, ಗೊತ್ತಾಯಿತು ಎಂದು ಅವನು ಮಾತು ತಡೆಯುತ್ತಾನೆ. ಗೊಂಬೆಯೊಂದೇ ಅವನ ಸ್ವಂತ ಬುದ್ಧಿ. ಆ ವಾಕ್ಯ ತಿದ್ದಿ ಕಳಿಸು, ಮತ್ತೆ ಓದುತ್ತೇನೆ.

ನಿನ್ನ
ಅಮ್ಮ